ನೀರು ಬಿಡುವವರ ಪಂಚಾಂಗ

ನಮ್ಮ ಮನೆಯ ಮದುವೆಗಳಿಗೆ ಮುಹೂರ್ತ ಇಡುವವರು ಇಬ್ಬರು. ಒಬ್ಬರು ಊರಿನ ಅಯ್ಯನವರು, ಇನ್ನೊಬ್ಬರು ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿಯವರು. ಅಯ್ಯನವರು ಕೊಟ್ಟ ದಿನ ಒಗ್ಗದಿದ್ದರೆ ಇನ್ನೊಂದು ಪಂಚಾಂಗ ಬಿಚ್ಚಿಸಿ ನಾಲ್ಕು ದಿನ ಆಚೆ ತಳ್ಳಿಸಬಹುದು. ಸಮಿತಿಯ ದಿನಕ್ಕೆ ಆ ಸವಲತ್ತಿಲ್ಲ. ಕಾಲುವೆಗೆ ನೀರು ಬಿಟ್ಟ ವಾರ ಲಗ್ನ ಇಟ್ಟುಕೊಂಡರೆ ಗಂಡಿನ ತಂದೆ ಹಂದರದ ಕೆಳಗೆ ಸಿಗುತ್ತಾನೆಂಬ ಖಾತ್ರಿ ಇರುವುದಿಲ್ಲ, ಆತ ಸಸಿ ಮಡಿಯಲ್ಲಿರುತ್ತಾನೆ. ನನ್ನ ಮದುವೆ ನಡೆದದ್ದೂ ಮುಂಗಾರಿನ ನೆಲ್ಲು ಕಟಾವಾಗಿ ಎರಡನೇ ಬೆಳೆಯ ನಾಟಿ ಶುರುವಾಗುವ ನಡುವಿನ ಸಂದಿಯಲ್ಲಿ. ಅಕ್ಷತೆ ಬೀಳುವಾಗಲೂ ಹಿಂದಿನ ಸಾಲಿನಲ್ಲಿ ಬಿಪಿಟಿ ನೆಲ್ಲಿನ ಚೀಲದ ದರದ ಮಾತು ನಡೆದಿತ್ತು ಎಂದು ನನ್ನ ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ. ಅವರು ಮಳೆ ನಂಬಿದ ಊರಿನವರು. ಕಾಲುವೆ ನಂಬಿದವರ ಕಷ್ಟ ಅವರಿಗೆ ಹೇಗೆ ತಿಳಿಯಬೇಕು?

ನಾನು ಈಗ ಇರುವುದು ಹೊಸಪೇಟೆಯಲ್ಲಿ. ಇದರಿಂದ ನನಗಾದ ಮುಖ್ಯ ತೊಂದರೆಯೆಂದರೆ, ಆಣೆಕಟ್ಟಿನ ಬಗ್ಗೆ ನನಗೆ ಎಲ್ಲವೂ ಗೊತ್ತಿರುತ್ತದೆಂದು ತವರೂರು ಎಮ್ಮಿಗನೂರಿನಲ್ಲಿರುವ ಅವ್ವ ನಂಬಿರುವುದು. ಅಕ್ಟೋಬರ್ ಬಂತೆಂದರೆ ಫೋನಿನಲ್ಲಿ ಮೊದಲ ಪ್ರಶ್ನೆ, “ಐಸಿಸಿ ಆತೇನು?” ಆಮೇಲೆಯೇ ನನ್ನ ಗಂಡ, ಮಕ್ಕಳು, ನನ್ನ ಸೊಂಟನೋವು. ನೀರಾವರಿ ಸಲಹಾ ಸಮಿತಿಯನ್ನು ಊರಿನ ಚಹಾದಂಗಡಿಯಿಂದ ಹಿಡಿದು ಪತ್ರಿಕೆಯ ತಲೆಬರಹದವರೆಗೆ ಎಲ್ಲರೂ ಕರೆಯುವುದು ಹಾಗೆಯೇ. ಇನ್ನೂ ಆಗಿಲ್ಲ ಅಂದರೆ, “ಆಣೆಕಟ್ಟು ಕಾಣೋ ಊರಾಗ ಕುಂತೀದಿ, ಇಷ್ಟೂ ಗೊತ್ತಾಗಂಗಿಲ್ಲೇನ್?” ಎನ್ನುತ್ತಾಳೆ. ಮಾಳಿಗೆ ಹತ್ತಿ ನೋಡಿದರೆ ಎಷ್ಟು ಟಿಎಂಸಿ ನೀರಿದೆ, ಎಷ್ಟು ನಮ್ಮ ಪಾಲು, ಎಷ್ಟು ಆಂಧ್ರದ ಪಾಲು ಎಂದು ಬರೆದಿಟ್ಟಿರುತ್ತಾರೆಂಬುದು ಅವಳ ಭಾವನೆ.

2025ರ ನವೆಂಬರಿನಲ್ಲಿ ಹೇಳುವಂಥ ಸುದ್ದಿ ಸಿಕ್ಕಿತು, ಹೇಳುವ ಮನಸ್ಸಿರಲಿಲ್ಲ. ಎರಡನೇ ಬೆಳೆಗೆ ನೀರಿಲ್ಲ. ಆಣೆಕಟ್ಟಿನ 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕೆ ಜಲಾಶಯದ ಮಟ್ಟ ಇಳಿಸಬೇಕು. ನಾನು ಫೋನು ಮಾಡುವಷ್ಟರಲ್ಲಿ ತಮ್ಮನಿಗೆ ವಾಟ್ಸ್‌ಆ್ಯಪಿನಲ್ಲಿ ನಾಲ್ಕು ಕಡೆಯಿಂದ ಬಂದಾಗಿತ್ತು. ಅವ್ವ ಮಾತ್ರ ನನ್ನ ಬಾಯಿಂದಲೇ ಕೇಳಿ ಖಚಿತ ಮಾಡಿಕೊಂಡು, “ಹಂಗಾದ್ರ ಈ ಸಲ ಕಡ್ಲಿ” ಎಂದಳು. ತಮ್ಮ ಹಿಂದಿನಿಂದ ಏನೋ ಕೂಗಾಡುತ್ತಿದ್ದ. ಅವನದು ಕಂತಿನ ಚಿಂತೆ.

ನೀರು ನಿಲ್ಲಿಸುವ ಈ ತೀರ್ಮಾನದ ಬೀಜ ಬಿದ್ದದ್ದು 2024ರ ಆಗಸ್ಟ್ 10ರ ರಾತ್ರಿ. 19ನೇ ಗೇಟಿನ ಚೈನು ತುಂಡಾಗಿ ಇಡೀ ಗೇಟು ಹೊಳೆಗೆ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ದಿನಗಳು ಅವು. ಒಂದೇ ಬಾಯಿಯ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಕಂಪ್ಲಿ ಸೇತುವೆಗೆ ಹೊಳೆ ಬರುವುದು ನಮಗೆ ಹೊಸದಲ್ಲ. ದೊಡ್ಡ ಪ್ರವಾಹಕ್ಕೆ ಅದು ಮುಳುಗುತ್ತದೆ, ಗಂಗಾವತಿ ಬಸ್ಸು ನಿಲ್ಲುತ್ತದೆ, ಜನ ದಂಡೆಗೆ ಹೋಗಿ ನೋಡಿ ಬರುತ್ತಾರೆ. ಆದರೆ ಆ ಸಲ ದಂಡೆಗೆ ಹೋದವರು ಹೊಳೆ ನೋಡುವ ಖುಷಿಗೆ ಹೋಗಿರಲಿಲ್ಲ. ಕೆಂಪು ನೀರಿನಲ್ಲಿ ತಮ್ಮ ಗದ್ದೆಯ ಪಾಲು ಹರಿದು ಹೋಗುವುದನ್ನು ನಿಂತು ಎಣಿಸಿದರು. ವಯಸ್ಸಾದ ಎಂಜಿನಿಯರು ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಬಾಯಿ ಮುಚ್ಚಿಸಿದರು. ನಮ್ಮೂರಿನಲ್ಲಿ ಆ ವಾರ ಸಿನಿಮಾ ನಟರ ಫೋಟೋ ತೆಗೆದು ನಾಯ್ಡು ಅವರ ಫೋಟೋ ಸ್ಟೇಟಸ್ಸಿಗೆ ಹಾಕಿಕೊಂಡವರಿದ್ದಾರೆ, ನನ್ನ ತಮ್ಮನೂ ಒಬ್ಬ. ಆಮೇಲೆ ಮಲೆನಾಡಿನಲ್ಲಿ ಮಳೆ ಸುರಿದು ಜಲಾಶಯ ಮತ್ತೆ ತುಂಬಿತು, ಬೆಳೆ ಬಂತು, ಭಯ ಮರೆತುಹೋಯಿತು. ತಜ್ಞರು ಮರೆಯಲಿಲ್ಲ. 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಬಾರದೆಂದರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವದು. ಹೂಳು ತಿಂದು ಈಚಿನ ಸಮೀಕ್ಷೆಯಲ್ಲಿ 105ರ ಸುಮಾರಿಗೆ ಬಂದಿದೆ.

ನಮ್ಮ ತಾತ ಈ ಆಣೆಕಟ್ಟನ್ನು ‘ಡ್ಯಾಮು’ ಎಂದೇ ಕರೆಯುತ್ತಿದ್ದ, ಅದೂ ಮನೆಯ ಹಿರಿಯ ಸೊಸೆಯ ಬಗ್ಗೆ ಮಾತಾಡುವಾಗಿನ ಗೌರವ ಮತ್ತು ಗೊಣಗಾಟ ಎರಡೂ ಸೇರಿಸಿ. ತಾತ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿದಾಗ ಮೈಸೂರಿನವನಾದ. 1973ರಲ್ಲಿ ಕರ್ನಾಟಕದವನಾದ. ಇಷ್ಟೆಲ್ಲ ರಾಜ್ಯ ತಿರುಗಿದವನು ಮನೆಯ ಕಟ್ಟೆ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವನಲ್ಲ. ಅವನ ಬದುಕನ್ನು ನಿಜವಾಗಿ ಬದಲಿಸಿದ್ದು ಅದೇ 1953ರಲ್ಲಿ ಕಟ್ಟಿ ಮುಗಿದ ಡ್ಯಾಮು. ಇತ್ತ ಮದ್ರಾಸ್ ಸರಕಾರ, ಅತ್ತ ನಿಜಾಮನ ಹೈದರಾಬಾದ್, ನಡುವೆ ಹೊಳೆ. ಎರಡೂ ಕಡೆಯವರು 1944ರಲ್ಲಿ ಒಪ್ಪಂದಕ್ಕೆ ಬಂದು ಮರುವರ್ಷ ಅಡಿಗಲ್ಲು ಹಾಕಿದರು. ಸರ್ ಆರ್ಥರ್ ಕಾಟನ್ ಈ ಹೊಳೆಗೆ ಕಟ್ಟೆ ಕಟ್ಟುವ ಮಾತು ಎತ್ತಿದ್ದು 1860ರಲ್ಲಿ. ಮಾತು ಕಾಗದದಲ್ಲಿ ಮಲಗಿತು. 1876ರಿಂದ 78ರವರೆಗೆ ಬರ ಬಿದ್ದು ಈ ಸೀಮೆಯಲ್ಲಿ ಜನ ಸತ್ತರು. ಆದರೂ ಕಟ್ಟೆ ಏಳಲು ಇನ್ನೂ ಎಷ್ಟು ವರ್ಷ ಬೇಕಾಯಿತೆಂದು ನೀವೇ ಲೆಕ್ಕ ಹಾಕಿ. ಸರಕಾರಿ ಕಾಗದದ ನಿದ್ದೆಯ ಬಗ್ಗೆ ನಮ್ಮ ಊರಿನವರಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ.

ನಮಗೆ ನೀರು ತಂದದ್ದು ಬಲದಂಡೆಯ ಕೆಳಮಟ್ಟದ ಕಾಲುವೆ, ಬಾಯಲ್ಲಿ ಎಲ್‌ಎಲ್‌ಸಿ. ಹೊಸಪೇಟೆಯಿಂದ ಹೊರಟು ಕಂಪ್ಲಿ, ಸಿರುಗುಪ್ಪ ಸೀಮೆಗಳಿಗೆ ನೀರುಣಿಸಿ ಅದು ಆಂಧ್ರದ ಕರ್ನೂಲು ಜಿಲ್ಲೆಗೆ ದಾಟುತ್ತದೆ. ಅಲ್ಲಿ ಅದರ ನೀರು ಕುಡಿಯುವ ಊರುಗಳಲ್ಲಿ ಒಂದರ ಹೆಸರೂ ಎಮ್ಮಿಗನೂರು! ಅದು ನಮಗಿಂತ ದೊಡ್ಡ ಊರು, ಮಾಚಾನಿ ಸೋಮಪ್ಪ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ಹೆಸರಾದದ್ದು. ನನ್ನ ಚೊಚ್ಚಲ ಬಾಣಂತನಕ್ಕೆ ಗೆಳತಿಯೊಬ್ಬಳು ಕಳಿಸಿದ ಸೀರೆಯ ಪಾರ್ಸೆಲ್ಲು ಆ ಎಮ್ಮಿಗನೂರಿಗೆ ಹೋಗಿ, ಅಲ್ಲಿಂದ ವಾಪಸು ಅವಳ ಮನೆಗೇ ಹೋಯಿತು. ನೇಕಾರರ ಊರಿಗೆ ಸೀರೆ ಕಳಿಸಿದರೆ ಅವರಾದರೂ ಯಾಕೆ ಇಟ್ಟುಕೊಂಡಾರು! ನೀರಿನಲ್ಲಿ ಮಾತ್ರ ಇಂಥ ಗೊಂದಲವಿಲ್ಲ. ಮೇಲಿನ ಎಮ್ಮಿಗನೂರಿನವರು ರಾತ್ರಿ ತೂಬು ಎತ್ತಿದ್ದು ಕೆಳಗಿನ ಎಮ್ಮಿಗನೂರಿನವರಿಗೆ ಬೆಳಗ್ಗೆಯೇ ತಿಳಿದುಬಿಡುತ್ತದೆ.

ಕಾಲುವೆ ತೋಡಿದವರ ಲೆಕ್ಕದಲ್ಲಿ ನಾವು ನೆಲ್ಲು ಬೆಳೆಯಬೇಕಾದವರೇ ಅಲ್ಲ. ಯೋಜನೆ ಮಾಡಿದ್ದು ಅರೆ ನೀರಾವರಿಗೆ, ಅಂದರೆ ಜೋಳ, ಹತ್ತಿ, ಸೇಂಗಾಕ್ಕೆ ಒಂದೆರಡು ನೀರು ಕೊಟ್ಟು ಬರದಿಂದ ಕಾಪಾಡುವುದು, ಕಡಿಮೆ ನೀರನ್ನು ಹೆಚ್ಚು ಹೊಲಕ್ಕೆ ಹಂಚುವುದು. ಆದರೆ ನೀರಿನ ಹಿಂದೆಯೇ ಕೃಷ್ಣಾ-ಗೋದಾವರಿ ಸೀಮೆಯ ರೈತರು ಬಂದರು. ಎರೆ ಹೊಲ ಕೊಂಡು, ಲಾವಣಿ ಹಿಡಿದು, ಕ್ಯಾಂಪುಗಳನ್ನು ಕಟ್ಟಿಕೊಂಡು ಕೆಸರು ತುಳಿಯತೊಡಗಿದರು. “ಎರೆ ಮಣ್ಣಾಗ ಕೆಸರು ಮಾಡ್ತಾರಂತ, ಹುಚ್ಚರು” ಎಂದು ನಕ್ಕವರಲ್ಲಿ ನಮ್ಮ ತಾತ ಮೊದಲಿಗ. ಅವರ ಮೊದಲ ರಾಶಿ ನೋಡಿದ ಮೇಲೆ ಕೆಸರಿಗೆ ಇಳಿದವರಲ್ಲೂ ಅವನೇ ಮೊದಲಿಗ ಎಂದು ಅಜ್ಜಿ ಹೇಳುತ್ತಿದ್ದಳು. ಅಲ್ಲಿಯತನಕ ಅನ್ನ ನಮ್ಮ ಮನೆಯಲ್ಲಿ ಹಬ್ಬದ ಊಟ. ಬೀಗರು ಬಂದರೆ ಅನ್ನ, ಇಲ್ಲವೆಂದರೆ ರೊಟ್ಟಿ, ನವಣೆ. ನಾನು ಹುಟ್ಟುವ ಹೊತ್ತಿಗೆ ಅದು ತಿರುಗಿತ್ತು. ಎರಡು ಹೊತ್ತು ಅನ್ನ, ಜೋಳ ಸಂತೆಯಿಂದ ಕೊಂಡು ತರುವ ಸಾಮಾನು. ಅಜ್ಜಿ ಮಾತ್ರ ಕೊನೆಯವರೆಗೂ ರಾತ್ರಿ ಅನ್ನ ಉಣ್ಣಲಿಲ್ಲ, “ಹೊಟ್ಟ್ಯಾಗ ನಿಲ್ಲಂಗಿಲ್ಲ” ಎಂಬುದು ಅವಳ ದೂರು.

ಕೆಸರು ಹಣ ಕೊಟ್ಟಿತು, ಅದನ್ನು ಯಾಕೆ ಮುಚ್ಚಿಡಬೇಕು? ಎಕರೆಗೆ 75 ಕೆ.ಜಿ.ಯ 40 ಚೀಲ ಬಂದರೆ ನಮ್ಮಲ್ಲಿ ಮೆಚ್ಚುವ ಬೆಳೆ. ಅಂಥ ಚೀಲಗಳ ಮೇಲೆಯೇ ನಾನು ಡಿಗ್ರಿ ಓದಿದೆ, ಅಪ್ಪನ ಮೊಣಕಾಲಿಗೆ ಚಿಕಿತ್ಸೆಯಾಯಿತು, ಮನೆಗೆ ಆರ್‌ಸಿಸಿ ಬಿತ್ತು. ಗಣಿಯ ಕಾಲದಲ್ಲಿ ಚಿಕ್ಕಪ್ಪನಿಗೆ ಈ ಕೆಸರು ಸಾಕೆನಿಸಿತು. ಸಂಡೂರಿನಿಂದ ಅದಿರು ಸಾಗಿಸುವ ಲಾರಿ ಕೊಂಡು, ಕೆಂಪು ಧೂಳಿನಲ್ಲಿ ಮಿಂದು, ವಾರಕ್ಕೊಮ್ಮೆ ನೋಟಿನ ಕಟ್ಟಿನೊಂದಿಗೆ ಬರುತ್ತಿದ್ದ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಲಾರಿ ನಮ್ಮ ಕಣದಲ್ಲಿ ನಿಂತಿತು. ಅದರ ಟಾಯರುಗಳು ಒಂದೊಂದಾಗಿ ಎಮ್ಮೆ ಕಟ್ಟುವ ಗೂಟದ ಸುತ್ತ, ಬಾವಿಯ ಕಟ್ಟೆಯ ಮೇಲೆ, ಕೊನೆಗೆ ಮಕ್ಕಳ ಜೋಕಾಲಿಯಲ್ಲಿ ಪ್ರತ್ಯಕ್ಷವಾದವು. ಚಿಕ್ಕಪ್ಪ ಮತ್ತೆ ನಾಟಿಗೆ ಇಳಿದ. ಆ ವರ್ಷಗಳ ಬಗ್ಗೆ ಯಾರಾದರೂ ಕೇಳಿದರೆ ಟ್ರ್ಯಾಕ್ಟರ್ ಚಾಲೂ ಮಾಡಿ ಹೊರಟುಬಿಡುತ್ತಾನೆ.

ನೀರಿಲ್ಲದ ಈ ಸಲದ ಹಿಂಗಾರಿಗೆ ಮನೆಯಲ್ಲಿ ಹುರುಪು ಬಂದದ್ದು ಅಪ್ಪನಿಗೆ ಒಬ್ಬನಿಗೇ. ನೆಲ್ಲು ಕಟಾವು ಮಷೀನು ಗದ್ದೆಯಿಂದ ಹೊರಬೀಳುವ ಮೊದಲೇ ಮಣ್ಣನ್ನು ಅಂಗೈಯಲ್ಲಿ ಹಿಚುಕಿ ಹಸಿ ನೋಡತೊಡಗಿದ. ಅಟ್ಟದ ಮೇಲಿದ್ದ ಕೂರಿಗೆಯನ್ನು ಇಳಿಸಿ ಕಟ್ಟೆಯ ಮೇಲಿಟ್ಟ. ಅದರ ಬಟ್ಟಲಿನಲ್ಲಿ ನಮ್ಮ ಕೋಳಿ ಮೊಟ್ಟೆ ಇಡುತ್ತಿತ್ತಾದ್ದರಿಂದ ಅದಕ್ಕೂ ಸ್ವಲ್ಪ ಅನಾನುಕೂಲವಾಯಿತು. ಬಿತ್ತಿದ್ದೇನೋ ಟ್ರ್ಯಾಕ್ಟರಿನ ಕೂರಿಗೆಯಲ್ಲೇ. ಎತ್ತು ಎಲ್ಲಿವೆ ಈಗ? ಮೂರು ಪಾಲು ಜೆಜಿ-11 ಕಡಲೆ, ಒಂದು ಪಾಲು ಬಿಳಿಜೋಳ. ಜೋಳ ಬೇಡವೆಂದು ತಮ್ಮ ವಾದಿಸಿದ್ದ, ಅವನ ಮಾತು ಸುಳ್ಳೇನಲ್ಲ. ಹಿಂಗಾರಿ ಜೋಳ ಬಿತ್ತಬೇಕಾದದ್ದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನೆಲ್ಲು ಕೊಯ್ದು ಡಿಸೆಂಬರಿನಲ್ಲಿ ಬಿತ್ತಿದರೆ ಸುಳಿ ನೊಣಕ್ಕೆ ಕರೆದು ಬಡಿಸಿದಂತೆ. ಹಾಗೆಯೇ ಆಯಿತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಗೇಣುದ್ದವೂ ಇಲ್ಲದ ಪೈರಿನಲ್ಲಿ ಅಲ್ಲಲ್ಲಿ ಸುಳಿ ಒಣಗಿ ನಿಂತಿತ್ತು. ಅಪ್ಪ ಕಾಣದವನಂತೆ “ಹುಲುಲಿಗ್ಯೋ” ಎಂದು ಕೂಗಿ ಚರಗ ಚೆಲ್ಲಿದ. ಹೊಲದಲ್ಲಿ ಬೆಳೆ ನಿಂತಿರುವಾಗ ನಾವು ಚರಗ ಚೆಲ್ಲಿದ್ದು ಎಷ್ಟೋ ವರ್ಷದ ಮೇಲೆ. ನೆಲ್ಲಿನ ವರ್ಷಗಳಲ್ಲಿ ಆ ಅಮಾವಾಸ್ಯೆಗೆ ಗದ್ದೆಯಲ್ಲಿ ಬರೀ ಕೂಳೆ ಇರುತ್ತಿತ್ತು.

ಕಡಲೆ ಮಾತ್ರ ಮರ್ಯಾದೆ ಉಳಿಸಿತು. ಜನವರಿಯ ಚಳಿಗೆ ಎಲೆಯ ಮೇಲೆ ಹುಳಿ ಕೂರುವ ಹೊತ್ತಿಗೆ ಅವ್ವ ತೆಳು ಬಿಳಿ ಪಂಚೆಯನ್ನು ಸಂಜೆ ಸಾಲಿನ ಮೇಲೆ ಹಾಸಿ, ನಸುಕಿನಲ್ಲಿ ಎತ್ತಿ ಹಿಂಡಿ ಶೀಸೆಗೆ ತುಂಬಿದಳು. ಹೊಟ್ಟೆನೋವಿಗೆ ಅಜ್ಜಿ ಕೊಡುತ್ತಿದ್ದ ಮದ್ದು ಅದು. ತಮ್ಮನ ಮಗಳಿಗೆ ಎರಡನೇ ಪಿಯುಸಿ, ಪರೀಕ್ಷೆ ಹತ್ತಿರ ಬಂದಂತೆ ಹೊಟ್ಟೆನೋವು ಜಾಸ್ತಿ. ಅವಳಿಗೆ ಒಂದು ಚಮಚ ಕುಡಿಸಿದರಂತೆ. ನೋವು ಹೋಯಿತೋ, ಇನ್ನೊಂದು ಚಮಚದ ಭಯಕ್ಕೆ ಹೇಳುವುದು ಬಿಟ್ಟಳೋ ತಿಳಿಯದು. ನಮ್ಮಲ್ಲಿ ನಾಟಿಗೆ ಬರುತ್ತಿದ್ದ ಹೆಣ್ಣುಮಕ್ಕಳ ಗುಂಪು ಈ ಸಲ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಬೇರೆ ಊರುಗಳಿಗೆ ಹೋಗಿದೆ. ಆ ಗುಂಪಿನ ಹಾಡಿಲ್ಲದೆ ಮಧ್ಯಾಹ್ನ ಹೊತ್ತೇ ಹೋಗುವುದಿಲ್ಲವೆಂದು ಅವ್ವ, ಹಾಡಿಗಿಂತ ಅವರ ಕೂಲಿ ಹೋದದ್ದು ದೊಡ್ಡದೆಂದು ತಮ್ಮನ ಹೆಂಡತಿ. ಅವಳು ಹೇಳಿದ್ದೇ ಸರಿ.

ಹೊಸಪೇಟೆಯಲ್ಲಿ ನನ್ನ ಜೊತೆ ಬೆಳಗ್ಗೆ ವಾಕಿಂಗಿಗೆ ಬರುವವರಿಗೆ ಇದೆಲ್ಲ ಬಹಳ ಚಂದ ಕಾಣುತ್ತದೆ. “ನೆಲಕ್ಕೂ ವಿಶ್ರಾಂತಿ ಬೇಕು ನೋಡ್ರಿ, ಜೋಳ ಸಕ್ಕರೆ ಕಾಯಿಲೆಗೆ ಒಳ್ಳೇದು.” ಹೌದು, ನೆಲದ ಮಾತು ನಿಜ. ಬೇಸಾಯ ವರ್ಷಪೂರ್ತಿ ನೀರಿನಲ್ಲೇ ನಿಂತು ಈ ಕಾಲುವೆಗಳ ಕೆಳಗೆ ಎಷ್ಟೋ ಹೊಲ ಸವಳು ಬಿದ್ದಿದೆ, ನಮ್ಮದೂ ಒಂದು ಮೂಲೆ ಬೆಳ್ಳಗಾಗಿದೆ. ಆದರೆ ವಿಶ್ರಾಂತಿ ಸಿಕ್ಕಿದ್ದು ಹೊಲಕ್ಕೆ, ಸಾಲಕ್ಕಲ್ಲ. ಮಗಳ ಕಾಲೇಜು ಫೀಜಿಗೆಂದು ತಮ್ಮ ನಂಬಿದ್ದು ಈ ಎರಡನೇ ಬೆಳೆಯನ್ನೇ. ಕಂಪ್ಲಿ ಹತ್ತಿರ ವಿಜಯನಗರದ ರಾಯರ ಕಾಲದ ಕಾಲುವೆಗಳ ಕೆಳಗೆ ಬಾಳೆ, ಕಬ್ಬು ಬೆಳೆಯುವವರನ್ನು ಕಂಡರೆ ಅವನಿಗೆ ಈಗ ಹೊಟ್ಟೆಕಿಚ್ಚು. “ರಾಯರು ಸತ್ತು ಐನೂರು ವರ್ಷ ಆತು, ಅವರ ಕಾಲುವಿ ಇನ್ನೂ ನಡೀತೈತಿ. ನಮ್ಮವು ಎಪ್ಪತ್ತು ವರ್ಷಕ್ಕ ಚೈನು ಹರಕೊಂತಾವ” ಎನ್ನುತ್ತಾನೆ. 2021ರಲ್ಲಿ ಜಿಲ್ಲೆ ಒಡೆದಾಗ ಡ್ಯಾಮಿನ ಈ ದಂಡೆ ವಿಜಯನಗರದ ಪಾಲಿಗೆ ಹೋಗಿ ನಾವು ಬಳ್ಳಾರಿಯಲ್ಲೇ ಉಳಿದದ್ದನ್ನೂ ಇದಕ್ಕೆ ಸೇರಿಸಿಕೊಳ್ಳುತ್ತಾನೆ. ಸಿಟ್ಟಿನಲ್ಲಿರುವವನಿಗೆ ಎಲ್ಲವೂ ಒಂದೇ ಕಾಲುವೆಗೆ ಕೂಡುತ್ತದೆ.

ಅವನ ಹೆಂಡತಿಯ ತಂಗಿಯ ಮದುವೆಯೂ ನಿಶ್ಚಯವಾಗಿದೆ. ಈ ಸಲ ನಾಟಿಯ ಕಾಟವಿಲ್ಲ, ಯಾವ ದಿನವಾದರೂ ಆಗಬಹುದು ಎಂದಾಗ ಅಯ್ಯನವರಿಗೇ ದಿನ ಆರಿಸಲು ತಿಳಿಯಲಿಲ್ಲವಂತೆ. ಬೀಗರು ಮುಂಗಾರು ನೋಡಿಕೊಂಡು ಇಟ್ಟುಕೊಳ್ಳೋಣ ಎಂದಿದ್ದಾರೆ. ಹೊಸ ಗೇಟುಗಳು ಕೂತು, ಮಳೆ ಬಿದ್ದು, ಸಮಿತಿ ಕೂಡಿ ಹೇಳುವತನಕ ಕಾಯುವುದಂತೆ. ರೂಢಿ ಬಿಡುವುದು ಅಷ್ಟು ಸುಲಭವೇ?

ಫೆಬ್ರುವರಿಯಲ್ಲಿ ಹೋದಾಗ ಹೊಲದಲ್ಲೇ ಕೂತು ಸುಲಗಾಯಿ ತಿಂದೆವು. ಬದುಕಿದ ಜೋಳ ತೆನೆ ಬಿಚ್ಚುತ್ತಿತ್ತು, ಸೀತನಿಗೆ ಇನ್ನೂ ಕಾಲವಿತ್ತು. ಮುಂದಿನ ಮುಂಗಾರಿಗೆ ನೀರು ಬಂದರೂ ಒಂದೆಕರೆ ಕೆಸರು ಮಾಡದೆ ಜೋಳಕ್ಕೆ ಬಿಡಬೇಕೆಂದು ಅಪ್ಪ ಹಟ ಹಿಡಿದಿದ್ದಾನೆ. ಸುತ್ತ ನೆಲ್ಲಿನ ಗದ್ದೆ, ನಡುವೆ ಒಂದೆಕರೆ ಒಣ ಹೊಲ. ಬಸಿ ನೀರು ಒಳಗೆ ಬರದಂತೆ ತಡೆಯುವವರು ಯಾರು ಎಂದು ತಮ್ಮ. ಬದುವಿನ ಗುಂಟ ಕಾಲುವೆ ತೋಡಿದರಾಯಿತೆಂದು ಅಪ್ಪ. ತೋಡುವವರು ಯಾರು ಎಂದು ತಮ್ಮ. ನಾನು ಬಸ್ಸು ಹತ್ತುವವರೆಗೂ ಅದು ಬಗೆಹರಿದಿರಲಿಲ್ಲ. ನಿನ್ನೆ ಅವ್ವನ ಫೋನು ಬಂತು. ಐಸಿಸಿಯ ಮಾತಿಲ್ಲ, ಡ್ಯಾಮಿನ ಮಾತಿಲ್ಲ. “ಕಡ್ಲಿ ಕೀಳಾಕ ಬಂದಾವ. ಬರೋವಾಗ ಹೊಸಪೇಟಿಂದ ಐವತ್ತು ಕೆಜಿ ಚೀಲ ಒಂದಿಷ್ಟು ತಗಂಬಾ. ಮನ್ಯಾಗ ಇರಾವು ಎಲ್ಲಾ ನೆಲ್ಲಿನ ಎಪ್ಪತ್ತೈದರವು, ಕಡ್ಲಿ ತುಂಬಿದ್ರ ಅರ್ಧಕ್ಕೂ ಬರಂಗಿಲ್ಲ, ನೋಡಿದವರು ನಗ್ತಾರ.”