ಗೋಷೆನ್ನಿನ ಕುದುರೆಯಂಗಳದಲ್ಲಿ

ನ್ಯೂಯಾರ್ಕ್ ನಗರವನ್ನು ಹಿಂದಿಕ್ಕಿ ವಾಯವ್ಯಕ್ಕೆ ಸುಮಾರು ಅರವತ್ತು ಮೈಲಿ ಸಾಗಿದರೆ ಗೋಷೆನ್ ಎಂಬ ಪುಟ್ಟ ಊರು ಎದುರಾಗುತ್ತದೆ. ಅದರ ಆಸುಪಾಸಿನಲ್ಲಿ ಈರುಳ್ಳಿ ಬೆಳೆಯುವ ಕಪ್ಪು ನೆಲ. ನಡು ಊರಿನಲ್ಲಿ ಚರ್ಚಿನ ಎತ್ತರವಾದ ಗೋಪುರ. ಅಲ್ಲಿಗೆ ಕೂಗಳತೆಯಲ್ಲಿಯೇ ಅರ್ಧ ಮೈಲಿ ಸುತ್ತಿನ ಕುದುರೆಯೋಟದ ಅಂಗಳ. 1838ರಿಂದಲೂ ಇಲ್ಲಿ ಕುದುರೆಗಳು ಓಡುತ್ತ ಬಂದಿವೆ. 1966ರಲ್ಲಿ ಅಮೆರಿಕದ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿತು.

ಇಲ್ಲಿಯ ಓಟದಲ್ಲಿ ಕುದುರೆಯ ಬೆನ್ನೇರುವವರಿಲ್ಲ. ಎರಡು ಚಕ್ರಗಳ ಹಗುರವಾದ ಬಂಡಿಯನ್ನು ಕುದುರೆಗೆ ಹೂಡಿ, ಸಾರಥಿ ಕಾಲುಗಳನ್ನು ಮುಂದಕ್ಕೆ ಚಾಚಿ ಕೂರುತ್ತಾನೆ. ಸಲ್ಕಿ ಎಂದು ಇದರ ಹೆಸರು. ನಮ್ಮ ಜಟಕಾ ಇದರ ಮುಂದೆ ಅರಮನೆಯೇ ಸರಿ! ಆದರೆ ಸೋಜಿಗ ಬಂಡಿಯಲ್ಲಿಲ್ಲ, ನಡೆಯಲ್ಲಿದೆ. ಕುದುರೆ ನಾಗಾಲೋಟಕ್ಕೆ ಬೀಳುವಂತಿಲ್ಲ. ಓರೆಯಾಗಿ ಎದುರುಬದುರಿನ ಕಾಲುಗಳನ್ನು ಜೊತೆಯಾಗಿ ಎತ್ತಿಡುವುದು ಟ್ರಾಟ್. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಡುವುದು ಪೇಸ್. ನಡೆ ತಪ್ಪಿದರೆ ಸಾರಥಿ ಲಗಾಮೆಳೆದು, ವೇಗ ತಗ್ಗಿಸಿ, ಮತ್ತೆ ಹದಕ್ಕೆ ತರಬೇಕು. ಅಷ್ಟರಲ್ಲಿ ಉಳಿದವರು ಮುಂದೆ ಸಾಗಿರುತ್ತಾರೆ. ಓಡುವ ಆಸೆಯನ್ನು ಕೆರಳಿಸಿ, ಅದೇ ಆಸೆಯನ್ನು ಬಿಗಿಹಿಡಿಯುವ ವಿದ್ಯೆ ಇದು.

ಈ ಸೀಮೆಗೆ ಈ ಕೀರ್ತಿ ಬಂದುದು ಒಬ್ಬ ಕೂಲಿಯಾಳಿನಿಂದ. 1849ರಲ್ಲಿ ಸಮೀಪದ ಶುಗರ್ ಲೋಫಿನಲ್ಲಿ ಹುಟ್ಟಿದ ಮರಿಯೊಂದನ್ನು ತಾಯಿಯ ಸಮೇತ ವಿಲಿಯಂ ರೈಸ್‌ಡೈಕ್ ಎಂಬಾತ ತನ್ನ ಒಡೆಯನಿಂದ 125 ಡಾಲರಿಗೆ ಕೊಂಡ. ಆ ಮರಿಯೇ ಹ್ಯಾಂಬಲ್‌ಟೋನಿಯನ್. ಇಂದು ಅಮೆರಿಕದಲ್ಲಿ ಬಂಡಿಯೋಟಕ್ಕೆ ನಿಲ್ಲುವ ಕುದುರೆಗಳೆಲ್ಲ ಬಹುಮಟ್ಟಿಗೆ ಅದರ ಸಂತತಿ. ಮೂರು ವರ್ಷದ ಕುದುರೆಗಳ ಅತಿ ದೊಡ್ಡ ಪಂದ್ಯಕ್ಕೂ ಅದರದೇ ಹೆಸರು. 1930ರಿಂದ 1956ರವರೆಗೆ, ಒಂದು ವರ್ಷದ ಹೊರತು, ಆ ಪಂದ್ಯ ನಡೆದುದು ಈ ಗೋಷೆನ್ನಿನ ಇನ್ನೊಂದು ಅಂಗಳದಲ್ಲಿ.

ಅಂಗಳದ ನೆರೆಯಲ್ಲಿ, ಹಿಂದೆ ಲಾಯವಾಗಿದ್ದ ಕಟ್ಟಡದಲ್ಲಿ, ಈಗ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಕೀರ್ತಿವಂತರ ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಹೆಸರು ಸ್ಟಾನ್ಲಿ ಡ್ಯಾನ್ಸರನದು.

1927ರಲ್ಲಿ ನ್ಯೂಜೆರ್ಸಿಯ ರೈತರ ಮನೆಯಲ್ಲಿ ಹುಟ್ಟಿದವನೀತ. ಎಂಟನೆಯ ತರಗತಿಗೇ ಶಾಲೆಗೆ ಶರಣು ಹೊಡೆದ. ಹೊಸದಾಗಿ ಮದುವೆಯಾದ ಹೆಂಡತಿ ರೇಚಲ್ ಕೂಡಿಟ್ಟಿದ್ದ 250 ಡಾಲರನ್ನು ಕೊಟ್ಟು ಕ್ಯಾಂಡರ್ ಎಂಬ ಕುದುರೆಯನ್ನು ಕೊಂಡ. ಹೊಸ ಸಂಸಾರದ ಗಂಟನ್ನೆಲ್ಲ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಗಂಡನನ್ನು ನೋಡಿ ಆಕೆಯ ತವರಿನವರು ಏನೆಂದುಕೊಂಡರೋ! 1964ರಲ್ಲಿ, ಒಂದೇ ವರ್ಷದಲ್ಲಿ ಹತ್ತು ಲಕ್ಷ ಡಾಲರು ಬಹುಮಾನ ಗೆದ್ದ ಮೊದಲ ಸಾರಥಿ ಎಂಬ ಹೆಸರು ಆತನಿಗೆ ಬಂದಿತು.

ಮರುವರ್ಷದ ಹ್ಯಾಂಬಲ್‌ಟೋನಿಯನ್ ಕಥೆ ಸ್ವಾರಸ್ಯವಾದುದು. ಪಂದ್ಯ ಆಗ ಇಲಿನಾಯ್ ರಾಜ್ಯದ ಡು ಕ್ವಾಯ್ನ್‌ಗೆ ಹೋಗಿತ್ತು. ಎಲ್ಲರೂ ಗೆಲ್ಲುವುದೆಂದು ನಂಬಿದ್ದ ನೋಬಲ್ ವಿಕ್ಟರಿಯ ಲಗಾಮು ಡ್ಯಾನ್ಸರನ ಕೈಯಲ್ಲಿತ್ತು. ಗೆದ್ದುದು ಈಜಿಪ್ಷಿಯನ್ ಕ್ಯಾಂಡರ್. ಅದನ್ನು ಪಳಗಿಸಿದವನೂ ಡ್ಯಾನ್ಸರನೇ, ಓಡಿಸಿದವನು ಮಾತ್ರ ಡೆಲ್ ಕ್ಯಾಮರಾನ್. ಕುದುರೆಯ ಒಡತಿ ರೇಚಲ್! ಹಳೆಯ 250 ಡಾಲರಿಗೆ ಇದಕ್ಕಿಂತ ಬಡ್ಡಿ ಬೇಕೆ?

1968ರಲ್ಲಿ ಡ್ಯಾನ್ಸರ್ ತಾನೇ ಸಾರಥಿಯಾಗಿ ಆ ಪಂದ್ಯವನ್ನು ಗೆದ್ದ. ಕುದುರೆ ನೆವೆಲ್ ಪ್ರೈಡ್: ಕಚ್ಚುವುದಕ್ಕೂ ಒದೆಯುವುದಕ್ಕೂ ಹೆಸರಾದ ಮುಂಗೋಪಿ. 67 ಓಟಗಳಲ್ಲಿ 57ನ್ನು ಅದು ಗೆದ್ದಿತು. 1969ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ಮೈಲಿಯನ್ನು ಒಂದು ನಿಮಿಷ ಐವತ್ತನಾಲ್ಕು ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿ, ಗ್ರೇಹೌಂಡ್ ಎಂಬ ಕುದುರೆಯ 1938ರ ದಾಖಲೆಯನ್ನು ಮುರಿಯಿತು.

ಆದರೂ ನನಗೆ ಹೆಚ್ಚು ಮೆಚ್ಚಾದುದು ನ್ಯೂಜಿಲೆಂಡಿನಿಂದ ಬಂದ ಕಾರ್ಡಿಗನ್ ಬೇ. ಅಪಘಾತದಲ್ಲಿ ಸೊಂಟ ಜಖಂಗೊಂಡ ಕುದುರೆ, ಪ್ರಾಯವೂ ಸಂದಿತ್ತು. ಅದಕ್ಕೆ ಒಂದು ಲಕ್ಷ ಡಾಲರು ತೆತ್ತುದು ಹುಚ್ಚೆಂದು ಯಾರಿಗಾದರೂ ತೋರುತ್ತಿತ್ತು. 1968ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ತನ್ನ ಜಾತಿಯಲ್ಲಿ ಹತ್ತು ಲಕ್ಷ ಡಾಲರು ಗಳಿಸಿದ ಮೊದಲ ಕುದುರೆ ಅದಾಯಿತು. ಬಳಿಕ ಅದನ್ನು ತಾಯ್ನಾಡಿಗೆ ಕಳುಹಿಸಿಕೊಟ್ಟರು.

ಸಾರಥಿಯ ಮೈಯೂ ಬೆಲೆ ತೆರದೆ ಉಳಿಯಲಿಲ್ಲ. ಮೂವತ್ತಕ್ಕೂ ಹೆಚ್ಚು ಸಲ ಡ್ಯಾನ್ಸರ್ ಓಟದಂಗಳದಲ್ಲಿ ಉರುಳಿಬಿದ್ದ. ಎದ್ದು ಮತ್ತೆ ಬಂಡಿಯೇರಿದ. 1983ರಲ್ಲಿ ಡ್ಯುಯೆನ್ನಾ ಎಂಬ ಹೆಣ್ಣು ಕುದುರೆಯೊಂದಿಗೆ ಹ್ಯಾಂಬಲ್‌ಟೋನಿಯನ್ ಗೆದ್ದಾಗ ಆತನಿಗೆ ಐವತ್ತಾರು. ಪಂದ್ಯ ಆ ವೇಳೆಗೆ ಆತನ ಸ್ವಂತ ರಾಜ್ಯವಾದ ನ್ಯೂಜೆರ್ಸಿಗೇ ಬಂದಿತ್ತು. 2005ರಲ್ಲಿ ಆತ ತೀರಿಕೊಂಡ.

ಹೊರಗೆ ಬಂದಾಗ ಯಾರೋ ಒಬ್ಬ ಯುವಕ ಕಂದು ಕುದುರೆಯೊಂದನ್ನು ಅಂಗಳದಲ್ಲಿ ಮೆಲ್ಲಗೆ ಸುತ್ತಿಸುತ್ತಿದ್ದ. ಬಸ್ಸಿನ ಹೊತ್ತಾಗುವವರೆಗೆ ಬೇಲಿಗೊರಗಿ ನೋಡುತ್ತ ನಿಂತೆ.