ಮೆಜೆಸ್ಟಿಕ್‌ಗೆ ಜೋಡಿ ಟಿಕೆಟ್

ಹೊಸ ಚಿತ್ರ ಬಂತೆಂದರೆ ದೊಡ್ಡಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಒಬ್ಬನೇ ಓಡುವವನು ನಾನು. ಈ ಯುಗಾದಿಗೆ ಹೆಂಡತಿ ಕೇಳಿಯೇಬಿಟ್ಟಳು: "ಆ ಬೆಂಗಳೂರಲ್ಲಿ ನಂಗೆ ಜಾಗ ಇಲ್ವೇನ್ರೀ?"

ಮಗ್ಗ ನಿಂತರೆ ಕೂಲಿಯೂ ನಿಂತಿತು. ಹೋಗಲಿ ಅತ್ಲಾಗೆ ಎಂದು ಎರಡು ದಿನ ನಿಲ್ಲಿಸಿ, ಜೋಡಿಯಾಗಿ ಬಸ್ಸು ಹತ್ತಿದೆವು.

ಇಳಿದೊಡನೆ ನನ್ನ ಪುರಾಣ ಶುರು. 1968ರಲ್ಲಿ ಆರಂಭವಾದ ಕಪಾಲಿ ಇದ್ದದ್ದು ಅಲ್ಲಿ. 1972ರ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಇದ್ದದ್ದು ಇಲ್ಲಿ...

"ಇಲ್ಲದ್ದನ್ನೇ ತೋರಿಸ್ತೀರಲ್ಲ, ಇರೋದನ್ನ ತೋರಿಸಿ!"

ಸರಿ, ಗಾಂಧಿಬಜಾರಿಗೆ ನಡೆದೆವು. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಕ್ಯೂ ನಿಂತು ತಿಂದೆವು. ಗರಿಗರಿ ಮಸಾಲೆದೋಸೆ, ಅವಳಿಗೆ ಎರಡು, ನನಗೆ ಒಂದೂವರೆ!

ಸಂಜೆ ಲಾಲ್‌ಬಾಗ್. 1889ರ ಗಾಜಿನ ಮನೆ ನೋಡಿ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಕೂತೆವು. ತಂಗಾಳಿ, ಹೊಂಗೆಯ ಚಿಗುರು. ಡ್ಯುಯೆಟ್ ಒಂದೇ ಬಾಕಿ!

ಮರುದಿನ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಸೀರೆಯ ಅಂಚು ಮುಟ್ಟಿ, "ಇದು ನಮ್ಮೂರ ಮಗ್ಗದ್ದೇ" ಎಂದಳು. ಬೆಲೆ ಕೇಳಿ ಇಬ್ಬರೂ ನಕ್ಕೆವು. ಕೊಳ್ಳಲಿಲ್ಲ. ಆದರೆ ಈ ಊರಿನಲ್ಲಿ ತನಗೂ ಜಾಗವಿದೆಯೆಂದು ಅವಳಿಗೆ ಗೊತ್ತಾಗಿತ್ತು.

ಗೆಳೆಯರೇ, ಮೊದಲ ದಿನದ ಮೊದಲ ಆಟ ಇದ್ದೇ ಇರುತ್ತೆ. ಒಮ್ಮೆ ಜೋಡಿ ಟಿಕೆಟ್ ತಗೊಳ್ಳಿ!