ಪಾವಕಿಯಿಂದ ಪಾವಟೆ ನಗರಕ್ಕೆ

ಕೆಲಗೇರಿಯಲ್ಲಿ ಮನೆ ಮಾಡಿದವರಿಗೆ ಒಂದು ಅನುಕೂಲವಿದೆ. ಬೆಳಗ್ಗೆ ಎದ್ದು ಅಡ್ಡಾಡಲು ಎಲ್ಲಿಗೆ ಹೋಗಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೆರೆ ಇದೆ, ಕೆರೆಗೊಂದು ದಂಡೆ ಇದೆ, ದಂಡೆಯ ಮೇಲೆ ನನ್ನಂಥ ನಿವೃತ್ತರು ಬೇಕಾದಷ್ಟಿದ್ದಾರೆ. ಮೊನ್ನೆ ದಂಡೆಯ ಮೇಲೆ ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸಿ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಕಟ್ಟೆಯ ಮೇಲೆ ಒಂದು ಕಡೆ ನಮ್ಮ ಸೋದರತ್ತೆ ಮೆಂತೆಪಲ್ಲೆ ಸೋಸುತ್ತ ಕೂತಿದ್ದಳು. ಇನ್ನೊಂದು ಕಡೆ ಹತ್ತನೆಯ ಇಯತ್ತೆಗೆ ಕಾಲಿಟ್ಟ ಮೊಮ್ಮಗ ನಾಲ್ಕಾರು ಕ್ಲಾಸುಗಳ ಬಣ್ಣದ ಚೀಟಿ ಹರವಿಕೊಂಡಿದ್ದ.

"ಅಜ್ಜಾ, ನಾ ಯಾವ ಗಣಿತ ತಗೊಳ್ಳಲಿ?"

ಯಾವ ಗಣಿತ! ಸಂತೆಯಲ್ಲಿ ಯಾವ ಬದನೆಕಾಯಿ ಅಂತ ಕೇಳಿದ ಹಾಗೆ. ನಮ್ಮ ಕಾಲಕ್ಕೆ ಗಣಿತವನ್ನು ನಾವು ತಗೊಳ್ಳುತ್ತಿರಲಿಲ್ಲ, ಅದೇ ನಮ್ಮನ್ನು ತಗೊಳ್ಳುತ್ತಿತ್ತು. ಅಂಕಗಣಿತ, ಬೀಜಗಣಿತ, ಭೂಮಿತಿ ಅಂತ ಮೂರು ಹೆಸರಿನಿಂದ ಬಂದು ಒಂದೇ ಬೆನ್ನಿಗೆ ಬಾರಿಸುತ್ತಿತ್ತು. (ಮೈಸೂರು ಕಡೆಯವರು ಭೂಮಿತಿಗೆ ರೇಖಾಗಣಿತ ಎನ್ನುತ್ತಾರಂತೆ. ಏನೆಂದರೂ ತ್ರಿಕೋನಕ್ಕೆ ಮೂರೇ ಮೂಲೆ ಬಿಡಿ.)

ಈಗ ಹಾಗಲ್ಲ. ಸಿಬಿಎಸ್‌ಇಯವರು 2020ರ ಪರೀಕ್ಷೆಯಿಂದ ಹತ್ತನೆಯವರಿಗೆ ಎರಡು ಗಣಿತ ಮಾಡಿದ್ದಾರೆ, ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಓದುವ ಪುಸ್ತಕ ಒಂದೇ, ಕೂಡುವ ಕ್ಲಾಸು ಒಂದೇ, ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಒಂದೇ ಬೋಗುಣಿಯ ಸಾರು, ಒಬ್ಬರ ಎಲೆಗೆ ಬಡಿಸುವಾಗ ಮೇಲೊಂದಿಷ್ಟು ಖಾರ. ನಮ್ಮ ಎಸ್‌ಎಸ್‌ಎಲ್‌ಸಿ ಮಂದಿಗೆ ಈ ಉಪಚಾರವಿಲ್ಲ. ಎಲ್ಲರಿಗೂ ಅದೇ 80 ಅಂಕದ ಪೇಪರು, 20 ಶಾಲೆಯ ಕೈಯಲ್ಲಿ. ಪಿಯುಸಿಗೆ ಹೋದಮೇಲೆ ಕಾಮರ್ಸಿನವರಿಗೆ ಬೇಸಿಕ್ ಮ್ಯಾಥ್ಸ್ ಅಂತ ಬೇರೆ ಪಂಕ್ತಿ ಹಾಕುತ್ತಾರೆ, ಅದು ಮುಂದಿನ ಮಾತು.

ಚೀಟಿಗಳಲ್ಲಿ ಒಂದು ಅಬ್ಯಾಕಸ್ಸಿನದು, ಒಂದು ಐಐಟಿ ಫೌಂಡೇಶನ್ನಿನದು, ಇನ್ನೊಂದು ವೇದಗಣಿತದ್ದು. ವೇದಗಣಿತ ಎಂದಕೂಡಲೇ ನಮ್ಮತ್ತೆ ಪಲ್ಲೆ ಬಿಟ್ಟು ಕೈಮುಗಿದಳು. ಆ ಪುಸ್ತಕ ಬರೆದವರು ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣತೀರ್ಥರು, ಅದು ಅಚ್ಚಾದದ್ದು 1965ರಲ್ಲಿ, ಅದರ ಸೂತ್ರಗಳನ್ನು ವೇದದಲ್ಲಿ ಹುಡುಕಿದವರಿಗೆ ಅವು ಸಿಕ್ಕಿಲ್ಲ ಅಂತ ಹೇಳಬೇಕೆಂದಿದ್ದೆ. ಮುಗಿದ ಕೈಯನ್ನು ಬಿಡಿಸುವುದು ನನ್ನ ಕೆಲಸವೇ? ಸುಮ್ಮನಾದೆ.

ಸೂತ್ರ ಬೇಕಿದ್ದರೆ ನಮ್ಮಲ್ಲೇ ಏನು ಕಡಿಮೆ ಇದ್ದವು ಹೇಳಿ. ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಪ್ರಣಯಕಲಹದಲ್ಲಿ ಹರಿದು ಚೆಲ್ಲಿದ ಮುತ್ತಿನ ಸರದ ಲೆಕ್ಕವಿದೆ. ನೋಡಿ, ಜಗಳವೂ ಆಯಿತು, ಭಿನ್ನರಾಶಿಯೂ ಆಯಿತು. ಹನ್ನೆರಡನೆಯ ಶತಮಾನಕ್ಕೆ ರಾಜಾದಿತ್ಯ ಬಂದು ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಈಗಿನ ಪುಸ್ತಕದಲ್ಲಿ ಮುತ್ತಿಲ್ಲ, ಪ್ರಣಯವಂತೂ ಇಲ್ಲವೇ ಇಲ್ಲ. ಎದುರುಬದುರು ಬರುವ ಎರಡು ರೈಲು, ಒಂದು ನಳದಿಂದ ತುಂಬಿ ಇನ್ನೊಂದರಿಂದ ಸೋರುವ ಟಾಕಿ, ಇಷ್ಟೇ. ಸೋರುವ ನಳವನ್ನು ಮೊದಲು ಬಂದ್ ಮಾಡಬಾರದೇ ಎಂದು ಕೇಳಿ ನಾನು ಬೆಂಚಿನ ಮೇಲೆ ನಿಂತದ್ದುಂಟು.

ಬೆಂಚು ಎಂದರೆ ಮಗ್ಗಿ ನೆನಪಾಗುತ್ತದೆ. ಮಗ್ಗಿ ಎಂದರೆ ಎರಡರಿಂದ ಇಪ್ಪತ್ತು ಅಂತ ತಿಳಿಯಬೇಡಿ. ಪಾವಕಿ, ದೀಡಕಿ, ಅಡೀಚಕಿ! ಕಾಲಿನ ಮಗ್ಗಿ, ಒಂದೂವರೆಯ ಮಗ್ಗಿ, ಎರಡೂವರೆಯ ಮಗ್ಗಿ. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ ಇದ್ದ ಕಾಲಕ್ಕೆ ಅವಿಲ್ಲದೆ ಅಂಗಡಿ ನಡೆಯುತ್ತಿರಲಿಲ್ಲ. 1957ರ ಏಪ್ರಿಲ್ ಒಂದಕ್ಕೆ ರೂಪಾಯಿಗೆ ನೂರು ನಯೇ ಪೈಸೆ ಆಯಿತು. ಸರಕಾರ ಬಿಟ್ಟರೂ ನಮ್ಮ ಮಾಸ್ತರು ದೀಡಕಿ ಬಿಡಲಿಲ್ಲ. ಚಲಾವಣೆ ಇಲ್ಲದ ನಾಣ್ಯದ ಲೆಕ್ಕಕ್ಕೆ ಚಲಾವಣೆಯಲ್ಲಿದ್ದ ಛಡಿಯಿಂದ ಹೊಡೆಸಿಕೊಂಡ ಪೀಳಿಗೆ ನಮ್ಮದು. ಆದರೂ ಇವತ್ತಿಗೂ ಪೇಢೆದ ಅಂಗಡಿಯಲ್ಲಿ ನಾವು ಕೇಳುವುದು ಪಾವ್‌ಕಿಲೋನೇ. ಇನ್ನೂರೈವತ್ತು ಗ್ರಾಂ ಅಂದರೆ ಪೇಢೆ ಯಾಕೋ ಸಪ್ಪಗಾಗುತ್ತದೆ.

ಏನು ಹೇಳುತ್ತಿದ್ದೆ? ಹಾಂ, ಮೊಮ್ಮಗ. ಗಣಿತಕ್ಕೆ ಧಾರವಾಡದಲ್ಲಿ ಇರುವ ಮರ್ಯಾದೆ ಅವನಿಗೆ ತಿಳಿಯಲಿ ಎಂದು ಪಾವಟೆಯವರ ಕಥೆ ತೆಗೆದೆ. ಡಿ. ಸಿ. ಪಾವಟೆಯವರು ಗೋಕಾಕ ಕಡೆಯವರು, ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬದ ರಾಜ್ಯಪಾಲ. ವಿಶ್ವವಿದ್ಯಾಲಯದ ವಿಳಾಸದಲ್ಲೇ ಈಗ ಪಾವಟೆ ನಗರ ಎಂದಿದೆ.

"ರ‍್ಯಾಂಗ್ಲರ್ ಅಂದ್ರ ಜೀಪಲ್ಲಾ, ಅಜ್ಜಾ?" ಅಂದ.

ಜೀಪಲ್ಲ. ಆ ಶಬ್ದಕ್ಕೆ ವಾದ ಹೂಡುವವನು, ತಂಟೆಕೋರ ಅಂತ ಅರ್ಥ. ಕೇಂಬ್ರಿಜ್ಜಿನ ಗಣಿತದಲ್ಲಿ ಪ್ರಥಮ ದರ್ಜೆ ಪಡೆದವರಿಗೆ ಆ ಹೆಸರು. ಬರೀ ವಾದಕ್ಕೇ ಕೊಡುವುದಾದರೆ ನಮ್ಮ ಕೆರೆಯ ದಂಡೆಯ ಮೇಲೆ ದಿನಾ ಮುಂಜಾನೆ ಹತ್ತು ಹನ್ನೆರಡು ಮಂದಿ ರ‍್ಯಾಂಗ್ಲರರು ಸಿಗುತ್ತಾರೆ. ಅಲ್ಲೇ ಇನ್ನೊಂದು ಪದ್ಧತಿಯೂ ಇತ್ತು. ಪಾಸಾದವರಲ್ಲಿ ಕಟ್ಟಕಡೆಯವನಿಗೆ ಹುಡುಗರು ಕಟ್ಟಿಗೆಯ ದೊಡ್ಡ ಸವಟು ಕೊಡುತ್ತಿದ್ದರು. 1909ಕ್ಕೆ ಅದು ನಿಂತಿತು. ಇದನ್ನು ಹೇಳುವಾಗ ನನ್ನ ಹೆಂಡತಿ ಒಳಗಿನಿಂದಲೇ, "ನಿಮಗ ಕೊಟ್ಟಿದ್ರ ಏನ್ ಮಾಡ್ತಿದ್ರಿ? ಸವಟು ಹಿಡಿಯೋದಾದ್ರೂ ಗೊತ್ತದನು?" ಎಂದಳು. ಇಂಥ ಪ್ರಶ್ನೆಗೆ ಬೀಜಗಣಿತದಲ್ಲಿ ಉತ್ತರವಿಲ್ಲ.

ಇಷ್ಟು ಕೇಳಿಯೂ ಮೊಮ್ಮಗ ತಗೊಂಡದ್ದು ಚೀಟಿಯಲ್ಲಿಲ್ಲದ್ದನ್ನು. ಅವನ ಗೆಳೆಯರೆಲ್ಲ ಗಣಿತ ಒಲಿಂಪಿಯಾಡಿನ ಮೊದಲ ಮೆಟ್ಟಿಲು ಐಒಕ್ಯೂಎಂ ಬರೆಯುತ್ತಾರಂತೆ. ಮೂರು ತಾಸು, ಮೂವತ್ತು ಪ್ರಶ್ನೆ, ನೂರು ಅಂಕ. ದಾಟಿದರೆ ಪ್ರಾದೇಶಿಕ, ಆಮೇಲೆ ರಾಷ್ಟ್ರೀಯ, ಕೊನೆಗೆ ಪರದೇಶ. ಉತ್ತರ ಬಿಡಿಸಿ ಬರೆಯುವ ಹಾಗಿಲ್ಲ. ಯಾವ ಪ್ರಶ್ನೆಗೇ ಆಗಲಿ, ಉತ್ತರ 00ದಿಂದ 99ರೊಳಗಿನ ಒಂದು ಸಂಖ್ಯೆ, ಎರಡಂಕಿ ತುಂಬಿದರೆ ಮುಗಿಯಿತು.

ರವಿವಾರ ಕಟ್ಟೆಯ ಮೇಲೇ ಹಳೆಯ ಪೇಪರು ಬಿಡಿಸಲು ಕೂತ. ಗಡಿಯಾರ ಹಿಡಿಯುವ ಕೆಲಸ ನನಗೆ. ಹುಡುಗ ಬಿಳಿ ಹಾಳೆಯ ಮೇಲೆ ಏನೇನೋ ಗೀಚುತ್ತಾನೆ, ಕಣ್ಣು ಮುಚ್ಚುತ್ತಾನೆ, ತುಟಿ ಅಲ್ಲಾಡಿಸುತ್ತಾನೆ, ಒಮ್ಮೆಲೇ 47 ಅಂತ ಬರೆಯುತ್ತಾನೆ. ಮತ್ತೆ ಅದೇ ಧ್ಯಾನ, ಮತ್ತೆ 08. ಅತ್ತೆ ಪಲ್ಲೆಯ ಬುಟ್ಟಿ ಸರಿಸಿ ಹತ್ತಿರ ಬಂದು ಬಗ್ಗಿ ನೋಡಿದಳು. ನಮ್ಮ ಮಾಮಾ ತೀರಿಕೊಂಡು ಹದಿನೈದು ವರ್ಷವಾಯಿತು. ಪುಣ್ಯಾತ್ಮ ಇದೇ ಕಟ್ಟೆಯ ಮೇಲೆ, ಹೀಗೇ ಕಣ್ಣು ಮುಚ್ಚಿ, ಹೀಗೇ ಎರಡೆರಡು ಅಂಕಿ ಬರೆದು ಎರಡೆಕರೆ ಹೊಲ ಕಳೆದಿದ್ದ.

ಅತ್ತೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಖರೇ ಹೇಳೋ ತಮ್ಮಾ, ಹುಡುಗ ಬರಿಯಾಕತ್ತಿದ್ದು ಓಪನ್ನೋ, ಕ್ಲೋಜೋ?"